ನಾಯಿಯ ಸಾಕ್ಷಿ

"ಡೈವೋರ್ಸ್ ಯಾವ ವರ್ಷ ಆಯ್ತು ಅಂತಾನೇ ಹೇಳದೆ ಹೋದ್ರೆ ಕಡತ ಎಲ್ಲಿ ಅಂತ ಹುಡುಕಲಿ?" ಎಂದು ಕೋರ್ಟಿನ ಗುಮಾಸ್ತೆ ಟ್ವೈಲಾ ಮತ್ತೆ ಕೇಳಿದಳು.

"ಆಲಿಕಲ್ಲು ಬಿದ್ದು ಜೋಳ ಎಲ್ಲಾ ನೆಲಕಚ್ಚಿತಲ್ಲ, ಆ ವರ್ಷ" ಎಂದ ಡೆಲ್ಮರ್.

"ಅಲ್ಲಮ್ಮ, ಚರ್ಚಿನ ಗೋಪುರಕ್ಕೆ ಸಿಡಿಲು ಹೊಡೆದ ವರ್ಷ" ಎಂದಳು ಆರ್ಲಿಸ್. "ಇವನಿಗೆ ಮದುವೆ ತಾರೀಖೇ ನೆನಪಿರ್ತಿರ್ಲಿಲ್ಲ. ಡೈವೋರ್ಸಿಂದು ಎಲ್ಲಿಂದ ನೆನಪಿರುತ್ತೆ?"

ಇಬ್ಬರೂ ಎಪ್ಪತ್ತು ದಾಟಿದವರು. ನೆಬ್ರಾಸ್ಕಾ ರಾಜ್ಯದ ಆ ಪುಟ್ಟ ಜಿಲ್ಲೆಯಲ್ಲಿ ಮದುವೆಯ ಪರವಾನಗಿ, ಡೈವೋರ್ಸಿನ ಕಡತ, ಮೀನು ಹಿಡಿಯುವ ಲೈಸೆನ್ಸು ಎಲ್ಲಕ್ಕೂ ಇದ್ದದ್ದು ಟ್ವೈಲಾಳ ಒಂದೇ ಕಿಟಕಿ. ಇವರು ಬಂದದ್ದು ಮದುವೆಯ ಪರವಾನಗಿಗೆ. ಶನಿವಾರ ಚರ್ಚಿನಲ್ಲಿ ಮದುವೆ. ಹಿಂದಿನ ಮದುವೆ ಮುರಿದ ತಾರೀಖನ್ನು ಅರ್ಜಿಯಲ್ಲಿ ಬರೆಯಬೇಕಿತ್ತು.

"ನನ್ನ ಹಳೇ ಹೆಂಡ್ತಿ ಇವಳೇ, ಹೊಸಬಳೂ ಇವಳೇ" ಎಂದ ಡೆಲ್ಮರ್. "ನಮ್ಮಿಬ್ಬರದೂ ತಕರಾರಿಲ್ಲ ಅಂದ್ಮೇಲೆ ತಾರೀಖು ಕಟ್ಕೊಂಡು ನಿನಗೇನಾಗ್ಬೇಕು?"

"ಡೈವೋರ್ಸ್ ಸರಿಯಾಗಿ ಆಗಿರದಿದ್ರೆ? ಗಂಡ ಹೆಂಡ್ತಿನ ಹಿಡಿದು ಮತ್ತೆ ಮದುವೆ ಮಾಡ್ಸಿದ ಹಾಗಾಗುತ್ತೆ, ಕೆಲಸ ಹೋಗೋದು ನಂದು" ಎಂದು ಟ್ವೈಲಾ ನೆಲಮಾಳಿಗೆಗೆ ಇಳಿದಳು. ಬಹಳ ಹೊತ್ತಿನ ಮೇಲೆ ಕೂದಲಲ್ಲಿ ಜೇಡರ ಬಲೆ, ಕೈಯಲ್ಲಿ ಕಡತ ಹಿಡಿದು ಬಂದಳು. ಆಲಿಕಲ್ಲಿನ ವರ್ಷವೂ ಅಲ್ಲ, ಸಿಡಿಲಿನ ವರ್ಷವೂ ಅಲ್ಲ; ಇಬ್ಬರೂ ತಪ್ಪಿದ್ದರು.

"ತಾರೀಖು ಬರ್ಕೋ, ಮುಚ್ಚಿಬಿಡು" ಎಂದು ಡೆಲ್ಮರ್ ಅವಸರದಿಂದ ಕೈ ಚಾಚಿದ.

ಆರ್ಲಿಸ್‌ಳ ಕಿವಿ ನಿಮಿರಿತು. "ಮುಚ್ಚೋದ್ಯಾಕೆ? ನನ್ನ ಕನ್ನಡಕ ಗಾಡೀಲಿದೆ. ಏನು ಬರೆಸಿದ್ದಾನೆ ಅಂತ ನೀನೇ ಓದಮ್ಮ."

"ಈ ಕಡತ ಯಾರು ಕೇಳಿದ್ರೂ ತೋರಿಸ್ಬೇಕು, ಡೆಲ್ಮರ್. ಇವರು ಕೇಳ್ತಿದ್ದಾರೆ" ಎಂದು ಟ್ವೈಲಾ ಓದತೊಡಗಿದಳು. "'ನನ್ನ ಹೆಂಡತಿ ಏಪ್ರಿಲ್ ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿರುತ್ತಾಳೆ.'"

"ನಿಜ" ಎಂದಳು ಆರ್ಲಿಸ್.

"'ನನ್ನ ಬಟ್ಟೆಗಳನ್ನು ಟ್ರ್ಯಾಕ್ಟರ್ ಶೆಡ್ಡಿಗೆ ಎಸೆದಿರುತ್ತಾಳೆ.'"

"ಎಸೆದಿರ್ಲಿಲ್ಲ, ಮಡಚಿ ಇಟ್ಟಿದ್ದೆ. ಆಮೇಲೆ?"

ಟ್ವೈಲಾ ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಡೆಲ್ಮರನ ಮುಖ ನೋಡಿದಳು. ಡೆಲ್ಮರ್ ಗೋಡೆಯ ಮೇಲಿನ ಮೀನಿನ ಚಿತ್ರಗಳನ್ನು ನೋಡುತ್ತಿದ್ದ.

"'ಆಕೆ ಮಾಡಿದ ಅಡುಗೆಯನ್ನು ನಮ್ಮ ನಾಯಿ ಜಿಗ್ಸ್ ಕೂಡ ಮೂಸಿ ನೋಡಿ ಬಿಟ್ಟುಹೋಗುತ್ತದೆ.'"



"ಜಿಗ್ಸ್?" ಎಂದಳು ಆರ್ಲಿಸ್. "ತಟ್ಟೆ ನೆಕ್ಕಿ ನೆಕ್ಕಿ ಅದರ ಮೇಲಿನ ಹೂವನ್ನೇ ಅಳಿಸಿಹಾಕಿದ್ದ ಜಿಗ್ಸ್?"

"ಇಷ್ಟು ಸಾಲದು, ಇನ್ನೊಂದು ಕಾರಣ ಹೇಳು ಅಂದ ವಕೀಲ. ಬಾಯಿಗೆ ಅದೇ ಬಂತು."

"ಇದರ ಕೆಳಗೆ ನಿಮ್ಮ ಸಹಿಯೂ ಇದೆಯಲ್ಲ?" ಎಂದು ಟ್ವೈಲಾ ಆರ್ಲಿಸ್‌ಳನ್ನು ಕೇಳಿದಳು.

"ಓದದೇ ಹಾಕಿದ್ದೆ. ಓದಿದ್ರೆ ಎಲ್ಲಿ ಅಳ್ತೀನೋ ಅಂತ." ಆರ್ಲಿಸ್ ಕೈಚೀಲ ಎತ್ತಿಕೊಂಡಳು. "ನಾಯಿ ವಿಷಯ ಗೊತ್ತಿದ್ದಿದ್ರೆ ಅಳ್ತಿರ್ಲಿಲ್ಲ, ಬಾರಿಸ್ತಿದ್ದೆ. ಮದುವೆ ಇಲ್ಲ ಅಂತ ಎಲ್ಲರಿಗೂ ನೀನೇ ಫೋನ್ ಮಾಡಿ ಹೇಳು, ಡೆಲ್ಮರ್."

ಬಿರಬಿರನೆ ಬಾಗಿಲವರೆಗೆ ಹೋದಳು. ಆದರೆ ಬಂದದ್ದು ಅವನ ಗಾಡಿಯಲ್ಲಿ, ಬೀಗದ ಕೈ ಅವನ ಜೇಬಿನಲ್ಲಿ. ಬಾಗಿಲ ಪಕ್ಕದ ಬೆಂಚಿನ ಮೇಲೆ ಬೆನ್ನು ಮಾಡಿ ಕುಳಿತಳು.

"ಆ ಒಂದು ಸಾಲು ಹೊಡೆದುಹಾಕಕ್ಕೆ ಬರುತ್ತಾ?" ಎಂದು ಡೆಲ್ಮರ್ ತಗ್ಗಿದ ದನಿಯಲ್ಲಿ ಕೇಳಿದ.

"ಕಡತದಿಂದ ಒಂದಕ್ಷರಾನೂ ತೆಗೆಯೋ ಹಾಗಿಲ್ಲ" ಎಂದಳು ಟ್ವೈಲಾ. ಆಮೇಲೆ ಬೆಂಚಿನ ಕಡೆ ನೋಡಿದಳು. "ಮುಗಿದ ಕೇಸಿಗೆ ಹಾಳೆ ಸೇರಿಸಬಾರದು ಅಂತ ಮಾತ್ರ ನಾನೆಲ್ಲೂ ಓದಿಲ್ಲ." ಬಿಳಿ ಹಾಳೆಯೊಂದನ್ನು ಕಿಟಕಿಯಿಂದಾಚೆ ತಳ್ಳಿದಳು. "ಬಲಗೈ ಎತ್ತಿ. ಬರೆಯೋದೆಲ್ಲ ನಿಜ ಅಂತ ಪ್ರಮಾಣ ಮಾಡಿ."

ಡೆಲ್ಮರ್ ಕೈ ಎತ್ತಿ ಪ್ರಮಾಣ ಮಾಡಿದ. ಪರೀಕ್ಷೆಗೆ ಕೂತವನಂತೆ ಬಗ್ಗಿಕೊಂಡು ಬರೆದ. ಬರೆದದ್ದನ್ನು ಬೆಂಚಿಗೆ ಕೇಳುವಂತೆ ಓದಿದ.

"'ನಾಯಿಯ ವಿಷಯ ಸುಳ್ಳು. ಜಿಗ್ಸ್ ತಿನ್ನುತ್ತಿತ್ತು. ಇನ್ನೂ ಬೇಕೆಂದು ಬಾಲ ಅಲ್ಲಾಡಿಸುತ್ತಿತ್ತು. ಆರ್ಲಿಸ್ ಹೋದ ಮೇಲೆ ಸಂಜೆ ಹೊತ್ತು ಅಡುಗೆಮನೆ ಬಾಗಿಲಲ್ಲೇ ಮಲಗಿರುತ್ತಿತ್ತು. ಅದು ಸತ್ತಾಗ ಅವಳಿಗೆ ಹೇಳಿಕಳಿಸಬೇಕಿತ್ತು. ಹೇಳಿಕಳಿಸಲಿಲ್ಲ.'"

ಬೆಂಚು ಕಿರುಗುಟ್ಟಿತು. ಆರ್ಲಿಸ್ ಎದ್ದು ಬಂದು ಅವನ ಪಕ್ಕದಲ್ಲಿ ನಿಂತಳು. ಮೂಗು ಒರೆಸಿಕೊಂಡಳು.

"ನೀನೂ ತಿಂತಿದ್ದೆ ತಾನೆ?"

"ತಿಂತಿದ್ದೆ."

"ಹಾಗಾದ್ರೆ ಚೆನ್ನಾಗಿತ್ತು ಅಂತ ಒಂದು ಸಾಲು ಸೇರಿಸು."

ಡೆಲ್ಮರ್ ಪೆನ್ನನ್ನು ಹಾಳೆಗೆ ಊರಿದ. ಹಾಗೇ ಮೇಲೆತ್ತಿದ. ಟ್ವೈಲಾಳ ಕಡೆ ನೋಡಿದ, ಆರ್ಲಿಸ್‌ಳ ಕಡೆ ನೋಡಿದ.

"ಪ್ರಮಾಣ ಮಾಡಿಬಿಟ್ಟಿದ್ದೀನಲ್ಲೇ" ಎಂದ.

ಆರ್ಲಿಸ್ ಅವನ ಕೈಯಿಂದ ಪೆನ್ನು ಕಿತ್ತು ಮುಚ್ಚಳ ಹಾಕಿದಳು. ಹಾಳೆಯನ್ನು ಕಿಟಕಿಯೊಳಕ್ಕೆ ಸರಿಸಿದಳು.

"ಮುದ್ರೆ ಹೊಡಿ, ತಾಯಿ. ಸುಳ್ಳು ಹೇಳೋದು ಮರ್ತಿದ್ದಾನೆ. ಇನ್ನು ಮದುವೆ ಆಗಬಹುದು."