ಮೊದಲು ಗುರುವಿನ ಫೋಲ್ಡರ್

ಆ ಗರಡಿಯಲ್ಲಿ ಎಲ್ಲ ಪೈಲ್ವಾನರ ಬಲಗೈಯೂ ಕಬ್ಬಿಣದ್ದು. ಪ್ರತಿಯೊಂದು ಪಟ್ಟನ್ನೂ ಕೈ ತಾನೇ ತನ್ನೊಳಗೆ ತುಂಬಿಟ್ಟ ಪಟ್ಟುಗಳ ಲೈಬ್ರರಿಯಿಂದ ಲೋಡ್ ಮಾಡಿಕೊಳ್ಳುತ್ತಿತ್ತು. ಅಂದು ಬೆಳಗಿನ ಅಭ್ಯಾಸದಲ್ಲಿ ಯಮನೂರನ ಕೈ ಅವನ ತಮ್ಮ ಫಕೀರನ ಕುತ್ತಿಗೆ ಹಿಡಿಯಿತು. ಆಮೇಲೆ ಬಿಡಲಿಲ್ಲ.

"ಬಿಡಲೇ, ಸಾಯ್ತಾನ!" ಎಂದು ಉಸ್ತಾದ ದ್ಯಾಮಣ್ಣ ಕೂಗಿದ.

"ಕೈ ನನ್ ಮಾತ್ ಕೇಳವಲ್ದ್ರೀ!"

ರಿಪೇರಿಯ ಖಾದರ ಓಡಿಬಂದು ಯಮನೂರನ ಮೊಣಕೈಗೆ ತಂತಿ ಸಿಕ್ಕಿಸಿದ. ಕೈಗೆ ಹಿಡಿತ ಸಡಿಲಿಸಲು ಹೇಳುವ 'ಬಿಡು' ಎಂಬ ಫಂಕ್ಷನ್ ಸಿಗುತ್ತಿಲ್ಲ ಎಂದು ಅವನ ಪರದೆ ತೋರಿಸಿತು.

"ನಿನ್ನೆ ಹೊಸ ಲೈಬ್ರರಿ ಹಾಕೇನಿ, ಅದರಾಗ ಐತಿ. ಇದು ಹಳೇದನ್ನ ಯಾಕ ತಗೊಂತು?" ಎಂದ ಖಾದರ.

"ಕೈ ಮೊದಲು ಗುರುವಿನ ಫೋಲ್ಡರಿನ್ಯಾಗ ಹುಡುಕಬೇಕು, ಅಲ್ಲಿ ಲೈಬ್ರರಿ ಸಿಕ್ಕರ ಬ್ಯಾರೇದು ನೋಡಬಾರ್ದು. ಅದು ನಮ್ಮ ಗರಡಿ ರೀತಿ," ಎಂದ ದ್ಯಾಮಣ್ಣ.

ತೀರಿಹೋದ ಗುರುವಿನ ಕಾಲದಲ್ಲಿ ಕುಸ್ತಿ ಸಾವಿನಲ್ಲೇ ಮುಗಿಯುತ್ತಿತ್ತು. ಅವನ ಲೈಬ್ರರಿಯಲ್ಲಿ ಬಿಡುವ ಪಟ್ಟೇ ಇರಲಿಲ್ಲ.

"ಹುಡುಕೋ ದಾರಿ ಬದಲಿಸಿ ಕೈ ಮತ್ತ ಶುರು ಮಾಡೂದ್ರಾಗ ಇಂವ ಸತ್ತಿರ್ತಾನ," ಎಂದ ಖಾದರ.

ಫಕೀರನ ನಾಲಿಗೆ ಹೊರಬಂದಿತ್ತು.

"ಬೆರಳು ಮುರೀರಿ," ಎಂದ ಯಮನೂರ.

ಆ ಬೆರಳುಗಳಿಗೂ ನೋವು ತಿಳಿಯುತ್ತಿತ್ತು. ಖಾದರ ಸುತ್ತಿಗೆಯಿಂದ ಒಂದೊಂದನ್ನೇ ಒಡೆದ. ಯಮನೂರ ಪ್ರತಿ ಏಟಿಗೂ ಅರಚಿದ. ಹೆಬ್ಬೆರಳು ಕಿತ್ತುಬಂದಾಗ ಫಕೀರ ಕೆಮ್ಮಿ ಉಸಿರೆಳೆದುಕೊಂಡ.

ಯಮನೂರ ಎದ್ದು ಹೋಗಿ ಖಾದರನ ಪರದೆಯಲ್ಲಿ ಗುರುವಿನ ಫೋಲ್ಡರ್ ಅಳಿಸತೊಡಗಿದ.

"ಗುರುವಿಂದು ಎಡಗೈಲೆ ಮುಟ್ಟಬ್ಯಾಡಲೇ!" ದ್ಯಾಮಣ್ಣ ಚೀರಿದ.

"ಬಲಗೈ ಎಲ್ಲೈತ್ರೀ?" ಎಂದು ಯಮನೂರ ಗುಂಡಿ ಒತ್ತಿದ.