ಬಿರುಕಿನ ನೀರು

ಮಾದರಿಯೊಳಗಿನ ನೀರನ್ನು ಅಳೆಯುವ ಕಾಂತೀಯ ಅನುರಣನ ಯಂತ್ರದ ಪರದೆಯ ಮೇಲೆ ಗೆರೆ ಇಳಿಯಲೇ ಇಲ್ಲ. ಜಿಗುಟು ಕೆಸರಿನ ಸಣ್ಣ ರಂಧ್ರಗಳಲ್ಲಿ ಸಿಕ್ಕಿದ ನೀರಿನ ಸಂಕೇತ ಕ್ಷಣದಲ್ಲಿ ಅಡಗಬೇಕಿತ್ತು. ಕಡಲತಳದಿಂದ ಕೊರೆದು ಹಡಗಿಗೆ ಎತ್ತುವಾಗ ಕೆಸರಿನ ಮಾದರಿ ಬಿರುಕುಬಿಟ್ಟು, ಆ ಬಿರುಕಿನಲ್ಲಿ ನೀರು ತುಂಬಿದೆಯೆಂದು ಚಿಹಾರುಗೆ ತಿಳಿಯಿತು. ಅವಳ ತೊಡೆಯ ಮೇಲೆ ಒಂದು ಪುಟ್ಟ ಚೀಲವಿತ್ತು. ನಾಡಿದ್ದು ಒಂದನೇ ತರಗತಿಗೆ ಸೇರಲಿರುವ ಮಗಳು ಕೊಹಾನಳ ಶಾಲೆಯ ಬೂಟುಗಳಿಗೆಂದು ಅವಳೇ ಹೊಲಿದದ್ದು.

"ಬಂದ ಅಂಕಿ ಬರೆದು ಹೊರಡಿ, ಚಿಹಾರು-ಸಾನ್," ಸಹೋದ್ಯೋಗಿ ಇಶಿಗುರೊ ನಕ್ಕ. "ನಾಳೆ ದಡಕ್ಕೆ ಹೋಗೋ ಹೆಲಿಕಾಪ್ಟರ್‌ನಲ್ಲಿ ಇಬ್ರಿಗೂ ಸೀಟಿದೆ. ಸಮುದ್ರದಡಿ ಇಳಿದು ಯಾರ್ರೀ ನೋಡ್ತಾರೆ?"

ಶಾಲೆಯ ಪ್ರವೇಶ ಸಮಾರಂಭದಲ್ಲಿ ಸಾಲಾಗಿ ನಿಂತ ಮಕ್ಕಳು ತಿರುಗಿ ಹುಡುಕುವುದು ಒಂದೇ ಮುಖವನ್ನು. ಆ ಮುಖವಾಗಿ ಅಲ್ಲಿರಲು ಅವಳ ಜೀವವೆಲ್ಲ ಹಂಬಲಿಸಿತು. ಆದರೆ ಕೆಸರು ನೀರನ್ನು ಎಷ್ಟು ಹರಿಯಗೊಡುತ್ತದೆಂಬ ಈ ಅಂಕಿಯನ್ನೇ ನಂಬಿ ಭೂಕಂಪ, ಸುನಾಮಿಗಳ ಲೆಕ್ಕ ಹಾಕುವವರಿದ್ದರು; ಕೊಹಾನಳ ಶಾಲೆಯಿದ್ದದ್ದು ಕಡಲ ದಂಡೆಯಲ್ಲೇ.

"ಸುಳ್ಳು ಬರೆದು ಆ ಮಗು ಮುಂದೆ ಹೇಗ್ರೀ ನಿಲ್ಲಲಿ?" ಅವಳ ದನಿ ಕೆರಳಿತು. "ಮತ್ತೆ ಕೊರೀಲಿ. ಅಳೆಯೋಕೆ ನಾನು ಉಳೀತೀನಿ. ಇದನ್ನ ನೀವು ತಲುಪಿಸಿ."

ಚೀಲವನ್ನು ಮಡಿಸಿ ಚಾಚಿದಳು. ಇಶಿಗುರೊ ಹಿಡಿದುಕೊಂಡ ಮೇಲೂ ಅವಳ ಬೆರಳುಗಳು ಬಿಡಲು ತಡಮಾಡಿದವು.