ಉಪ್ಪಿಲ್ಲದ ಸೀಸೆ

ಪೆರಾಕ್ಸೈಡಿನ ಹನಿ ಬಿದ್ದದ್ದೇ ತಡ, ಅರೆದ ಎಲೆಯ ರಸ ಬುಸ್ಸೆಂದು ನೊರೆಯುಕ್ಕಿತು. ಥೋವಾ ಆ ಎಲೆ ಕಿತ್ತ ಸಸಿಯ ಸೀಸೆಯ ಚೀಟಿಯನ್ನು ಮತ್ತೆ ಓದಿದಳು: ಉಪ್ಪಿಲ್ಲದ್ದು. ಪ್ರಯೋಗಾಲಯದಲ್ಲಿ ಉಪ್ಪುಂಡು ಕಂಗೆಟ್ಟ ಅನಾನಸ್ ಸಸಿಗಳಲ್ಲಿ ಮಾತ್ರ ಈ ನೊರೆ ಎಬ್ಬಿಸುವ ಕಿಣ್ವ ಇಷ್ಟು ಕೆರಳಬೇಕಿತ್ತು.

"ಖಾಂಗ್ ಮಾವ, ಇದಕ್ಕೂ ಉಪ್ಪು ಹಾಕಿಬಿಟ್ರಾ?"

"ನನಗೇನು ಅರಳುಮರಳಾ? ಒಂದು ಹರಳೂ ಹಾಕಿಲ್ಲ," ಎಂದ ಸಸಿಗಳ ಆಹಾರ ಕಲಸುವ ಮುದುಕ. "ನೀರು ಬಟ್ಟಿ ಇಳಿಸೋ ಯಂತ್ರ ಕೆಟ್ಟು ತಿಂಗಳಾಯ್ತು. ನಲ್ಲಿ ನೀರಲ್ಲೇ ಕಲಸಿದ್ದು."

ಥೋವಾ ನಲ್ಲಿ ತಿರುಗಿಸಿ ಬೆರಳದ್ದಿ ನಾಲಿಗೆಗೆ ಹಚ್ಚಿದಳು. ಮೆಕಾಂಗ್ ಬಯಲಿನ ರೈತರು ಬೇಸಿಗೆಯಲ್ಲಿ ತೂಬು ಎತ್ತುವ ಮುನ್ನ ಕಾಲುವೆ ನೀರನ್ನು ಹೀಗೇ ಚಪ್ಪರಿಸಿ ನೋಡುತ್ತಾರೆ. ಅವಳ ಅಪ್ಪನೂ ನೋಡುತ್ತಿದ್ದ. "ಸಮುದ್ರದ ನೀರು ಇಷ್ಟು ಬೇಗ ಒಳಗೆ ಬರಲ್ಲ. ನಾಲಿಗೆ ನಂಬೋ ಕಾಲ ಹೋಯ್ತಪ್ಪಾ," ಎಂದು ಮೊನ್ನೆಯಷ್ಟೇ ನಕ್ಕಿದ್ದಳು. ಈ ನಲ್ಲಿಗೂ ಅಪ್ಪನ ಅನಾನಸ್ ಹೊಲಕ್ಕೂ ನೀರು ಬರುವುದು ಒಂದೇ ಕಾಲುವೆಯಿಂದ. ಬಾಯೆಲ್ಲ ಉಪ್ಪುಪ್ಪಾಯಿತು.

ಅಪ್ಪನಿಗೆ ಫೋನ್ ಹಚ್ಚಿದಳು. "ಅಪ್ಪಾ, ತೂಬು ಎತ್ತಬೇಡ!"

"ಬೆಳಿಗ್ಗೆನೇ ಎತ್ತಿದೆ ಕಣಮ್ಮಾ," ಎಂದ ಅಪ್ಪ, ಹಿಗ್ಗಿನಿಂದ. "ನೀನು ಹೇಳ್ದ ಹಾಗೆ, ನಾಲಿಗೆಗೆ ಹಚ್ಚಲೇ ಇಲ್ಲ."